ಹಿಂಪಡೆಯುವುದು ಅಂದರೆ ಯಾರು, ಏನನ್ನು, ಎಲ್ಲಿಂದ?

ನಮ್ಮ ಬೀದಿಯ ಕೊನೆಯ ಮನೆಯ ಅಕ್ಕ ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುತ್ತಾರೆ. ಒಂದು ಸಂಜೆ ಕೆಲಸದಿಂದ ಬಂದವರು ಸೀದಾ ನಮ್ಮ ಬಾಗಿಲಿಗೆ ಬಂದು ಫೋನ್ ಮುಂದೆ ಹಿಡಿದರು. ಒಂದು ಸುದ್ದಿಯ ತಲೆಬರಹ ಕಾಣುತ್ತಿತ್ತು: ‘ಪಿಎಫ್ ಹಿಂಪಡೆಯುವ ನಿಯಮದಲ್ಲಿ ಬದಲಾವಣೆ’.

“ಏನಮ್ಮಾ ಇದು? ಸರ್ಕಾರ ನಮ್ಮ ಪಿಎಫ್ ದುಡ್ಡು ವಾಪಸ್ ತಗೊಳ್ಳುತ್ತಂತಾ?”

“ಇಲ್ಲ ಅಕ್ಕ, ಸರ್ಕಾರ ತಗೊಳ್ಳೋದಲ್ಲ. ನಿಮ್ಮ ದುಡ್ಡನ್ನ ನೀವು ತೆಗೆಯೋ ವಿಷಯ.”

“ಹಾಗಿದ್ರೆ ಡ್ರಾ ಮಾಡೋದು ಅಂತ ಬರೀಬಾರ್ದಾ?”

ಅವರ ಮಾತು ನ್ಯಾಯವಾದದ್ದೇ. ಆ ತಲೆಬರಹದಲ್ಲಿ ಯಾರು ಪಡೆಯುವುದು ಎಂಬುದೇ ಇಲ್ಲ. ಓದುವವರು ಊಹಿಸಿಕೊಳ್ಳಬೇಕು. ದಿನಪತ್ರಿಕೆ ತೆರೆದರೆ ಇಂಥ ಸಾಲುಗಳು ಬೇಕಾದಷ್ಟು: ನಾಮಪತ್ರ ವಾಪಸ್, ಕೇಸ್ ವಾಪಸ್, ನೋಟು ಹಿಂಪಡೆದ ಆರ್‌ಬಿಐ, ಕಾಯ್ದೆ ಹಿಂತೆಗೆತ, ಮುಂಗಾರು ಹಿಂದೆ ಸರಿಯಿತು. ಇಂಗ್ಲಿಷಿನಲ್ಲಿ ಇವಕ್ಕೆಲ್ಲ ‘ವಿತ್‌ಡ್ರಾ’ ಎಂಬ ಒಂದೇ ಮಾತು ಸಾಕಾಗುತ್ತದೆ. ಕನ್ನಡದಲ್ಲಿ ನಾಲ್ಕೈದು ಮಾತುಗಳಿವೆ, ಆದರೆ ಅವುಗಳನ್ನು ಅದಲುಬದಲು ಮಾಡಿ ಬಳಸುತ್ತೇವೆ. ಗೊಂದಲ ಹುಟ್ಟುವುದು ಅಲ್ಲೇ. ಈ ಗೊಂದಲದಲ್ಲಿ ಜನ ನಿಜವಾಗಿ ದುಡ್ಡು ಕಳೆದುಕೊಳ್ಳುತ್ತಾರೆ, ಸುಮ್ನೆ ಹೆದರುತ್ತಾರೆ, ಕೆಲವೊಮ್ಮೆ ಜೀವಕ್ಕೂ ಅಪಾಯ ತಂದುಕೊಳ್ಳುತ್ತಾರೆ. ಹಾಗಾಗಿ ಬುಡದಿಂದ ನೋಡೋಣ.

ಮಾತಿನ ಬೇರು

‘ಹಿಂಪಡೆ’, ‘ಹಿಂತೆಗೆ’ ಇವೆರಡರಲ್ಲೂ ಮೊದಲಿಗೆ ಇರುವುದು ‘ಹಿಂ’. ಇದು ‘ಹಿಂದೆ’ ಎಂಬುದರ ತುಂಡು. ಹಿಂಗಾಲು, ಹಿಮ್ಮಡಿ, ಹಿಂಜರಿಕೆ, ಹಿನ್ನಡೆ, ಹಿಮ್ಮೆಟ್ಟು, ಹಿಂದಿರುಗು ಎಲ್ಲದರಲ್ಲೂ ಅದೇ ಇದೆ. ಆಮೇಲೆ ಬರುವ ಕ್ರಿಯೆ ನೋಡಿ ಅರ್ಥ ಬೇರೆಯಾಗುತ್ತದೆ.

ಪಡೆ ಅಂದರೆ ಸಿಗುವುದು, ಕೈಗೆ ಬರುವುದು. ಆದ್ದರಿಂದ ‘ಹಿಂಪಡೆ’ ಚೆನ್ನಾಗಿ ಹೊಂದುವುದು ನಮ್ಮದೇ ವಸ್ತು ಇನ್ನೊಬ್ಬರ ಬಳಿ ಇದ್ದು, ಅದು ನಮ್ಮ ಕೈಗೆ ಬರುವಾಗ. ಬ್ಯಾಂಕಿನಲ್ಲಿಟ್ಟ ಹಣ, ಪಿಎಫ್ ಹಣ ಈ ಜಾತಿಯವು.

ತೆಗೆ ಅಂದರೆ ಇದ್ದ ಜಾಗದಿಂದ ಈಚೆಗೆ ಎಳೆಯುವುದು. ನಾವೇ ಮುಂದಿಟ್ಟದ್ದನ್ನು ನಾವೇ ಎಳೆದುಕೊಂಡರೆ ‘ಹಿಂತೆಗೆದುಕೊಳ್ಳುವುದು’. ಕೊಟ್ಟ ಅರ್ಜಿ, ಹೊರಡಿಸಿದ ಆದೇಶ, ಆಡಿದ ಮಾತು ಇವಕ್ಕೆ ಇದು ಸರಿ.

‘ಹಿಂದೆ ಸರಿ’ ಅಂದಾಗ ವಸ್ತುವೇ ಇಲ್ಲ. ಸರಿಯುವವರು ತಾವೇ ಜಾಗ ಬಿಡುತ್ತಾರೆ. ಸ್ಪರ್ಧೆಯಿಂದ ಅಭ್ಯರ್ಥಿ, ಗಡಿಯಿಂದ ಸೈನ್ಯ, ಆಕಾಶದಿಂದ ಮುಂಗಾರು.

ಇನ್ನು ‘ವಾಪಸ್’. ಇದು ಪಾರ್ಸಿಯಿಂದ ಉರ್ದುವಿನ ಮೂಲಕ ಬಂದು ನಮ್ಮಲ್ಲಿ ಎಷ್ಟು ಬೆರೆತಿದೆ ಅಂದರೆ ಅದು ಬೇರೆ ಕಡೆಯ ಮಾತು ಅನ್ನಿಸುವುದೇ ಇಲ್ಲ. ಆದರೆ ಒಂದು ವಿಷಯ ಗಮನಿಸಬೇಕು. ವಾಪಸ್ ಒಂಟಿಯಾಗಿ ನಿಲ್ಲುವ ಮಾತಲ್ಲ. ಅದರ ಪಕ್ಕದಲ್ಲಿ ಒಂದು ಕ್ರಿಯಾಪದ ಬೇಕು. ‘ವಾಪಸ್ ಕೊಡು’ ಮತ್ತು ‘ವಾಪಸ್ ತಗೋ’ ಎರಡೂ ಒಂದಕ್ಕೊಂದು ಎದುರು. ತಲೆಬರಹ ಬರೆಯುವವರಿಗೆ ಜಾಗ ಕಡಿಮೆ, ಅವರು ಕ್ರಿಯಾಪದವನ್ನೇ ಕತ್ತರಿಸುತ್ತಾರೆ. ‘ಹಣ ವಾಪಸ್’ ಅಂದರೆ ಯಾರೋ ನಮಗೆ ಕೊಟ್ಟರು ಎಂದು ಅರ್ಥ. ‘ನಾಮಪತ್ರ ವಾಪಸ್’ ಅಂದರೆ ಕೊಟ್ಟವರೇ ತಗೊಂಡರು ಎಂದು ಅರ್ಥ. ಒಂದೇ ಮಾತು, ದಿಕ್ಕು ಬೇರೆ.

ಮಾತಾಡುವಾಗ ನಾವು ಇಷ್ಟು ತೊಂದರೆ ಪಡುವುದಿಲ್ಲ, ಅಲ್ವಾ? ಬೆಂಗಳೂರಿನಲ್ಲಿ ಎಟಿಎಂಗೆ ಹೋಗುವವರು ‘ದುಡ್ಡು ಡ್ರಾ ಮಾಡ್ಕೊಂಡು ಬರ್ತೀನಿ’ ಅನ್ನುತ್ತಾರೆ. ಸ್ವಲ್ಪ ವಯಸ್ಸಾದವರ ಬಾಯಲ್ಲಿ ‘ದುಡ್ಡು ಬಿಡಿಸ್ಕೊಂಡು ಬಂದೆ’ ಎಂಬ ಮಾತೂ ಕೇಳುತ್ತದೆ. ನನಗೆ ಈ ‘ಬಿಡಿಸು’ ತುಂಬಾ ಇಷ್ಟ. ಗಿರವಿ ಇಟ್ಟ ಒಡವೆಯನ್ನೂ ಬಿಡಿಸಿಕೊಳ್ಳುತ್ತೇವೆ. ನಮ್ಮದು ಎಲ್ಲೋ ಸಿಕ್ಕಿಕೊಂಡಿದೆ, ಅದನ್ನು ಬಿಡಿಸಿ ತರಬೇಕು ಎಂಬ ಭಾವ ಆ ಒಂದು ಮಾತಿನಲ್ಲಿದೆ. ಅಕ್ಕ ಓದಿದ ತಲೆಬರಹ ‘ಪಿಎಫ್ ಬಿಡಿಸಿಕೊಳ್ಳುವ ನಿಯಮ’ ಎಂದಿದ್ದರೆ ಅವರು ಗಾಬರಿಯಾಗುತ್ತಿರಲಿಲ್ಲ.

ಆದ್ದರಿಂದ ಇಂಥ ಸುದ್ದಿ ಓದುವಾಗ ಮನಸ್ಸಿನಲ್ಲೇ ಕೇಳಿಕೊಳ್ಳಬೇಕು: ತೆಗೆಯುತ್ತಿರುವವರು ಯಾರು? ಅದು ಯಾರದ್ದು? ತೆಗೆದ ಮೇಲೆ ಅಲ್ಲಿ ಏನು ಉಳಿಯುತ್ತದೆ? ಕೊನೆಯ ಪ್ರಶ್ನೆಯನ್ನೇ ನಾವು ಜಾಸ್ತಿ ಮರೆಯುವುದು.

ಬ್ಯಾಂಕ್ ಮತ್ತು ಎಟಿಎಂ

ಇದು ಎಲ್ಲಕ್ಕಿಂತ ಸರಳ. ತೆಗೆಯುವವರು ನೀವು, ಹಣ ನಿಮ್ಮದು. ಬ್ಯಾಂಕಿನ ಚೀಟಿಯಲ್ಲಿ ‘ಹಣ ಹಿಂಪಡೆಯುವ ನಮೂನೆ’ ಎಂದಿದ್ದರೆ ಅದು ದುಡ್ಡು ತೆಗೆಯುವ ಚೀಟಿ. ‘ಜಮಾ’ ಎಂದಿದ್ದರೆ ಕಟ್ಟುವ ಚೀಟಿ.

ಬೆಂಗಳೂರಿನವರು ಒಂದು ಲೆಕ್ಕ ತಿಳಿದಿರಬೇಕು. ಆರ್‌ಬಿಐ ನಿಯಮದಲ್ಲಿ ಬೆಂಗಳೂರು, ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈ, ಹೈದರಾಬಾದ್ ಈ ಆರು ಊರುಗಳು ಮಹಾನಗರಗಳು. ಇಲ್ಲಿ ಉಳಿತಾಯ ಖಾತೆಯವರಿಗೆ ತಮ್ಮ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ 5 ಸಲ, ಬೇರೆ ಬ್ಯಾಂಕಿನ ಎಟಿಎಂನಲ್ಲಿ 3 ಸಲ ಉಚಿತ. ಬೇರೆ ಊರುಗಳಲ್ಲಿ ಬೇರೆ ಬ್ಯಾಂಕಿನದ್ದೂ 5 ಸಲ ಸಿಗುತ್ತದೆ. ಊರಿನಿಂದ ಹೊಸದಾಗಿ ಇಲ್ಲಿಗೆ ಬಂದವರಿಗೆ ಈ ವ್ಯತ್ಯಾಸ ಗೊತ್ತಿರುವುದಿಲ್ಲ. ಮಿತಿ ಮೀರಿದರೆ ಪ್ರತಿ ಸಲಕ್ಕೂ 23 ರೂಪಾಯಿಯವರೆಗೆ ಶುಲ್ಕ, ಅದರ ಮೇಲೆ ತೆರಿಗೆ. 2025ರ ಮೇ 1ರಿಂದ ಈ ದರ ಜಾರಿಯಲ್ಲಿದೆ. ಖಾತೆಯಲ್ಲಿ ಎಷ್ಟು ಹಣವಿದೆ ಎಂದು ನೋಡುವುದೂ ಈ ಲೆಕ್ಕದಲ್ಲಿ ಸೇರುತ್ತದೆ.

ಖಾತೆಯಲ್ಲಿ ಹಣ ಕಡಿತವಾಗಿ ಯಂತ್ರದಿಂದ ನೋಟು ಬರದಿದ್ದರೆ? ಬ್ಯಾಂಕ್ 5 ದಿನದೊಳಗೆ ತಾನಾಗಿಯೇ ಆ ಹಣವನ್ನು ಖಾತೆಗೆ ಮರಳಿಸಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ಇದು 2019ರ ಸೆಪ್ಟೆಂಬರ್‌ನಲ್ಲಿ ಆರ್‌ಬಿಐ ಹೊರಡಿಸಿದ ಸುತ್ತೋಲೆಯ ನಿಯಮ. ಇಲ್ಲಿ ‘ವಾಪಸ್’ ಕೊಡುವವರು ಬ್ಯಾಂಕಿನವರು, ದಿಕ್ಕು ತಿರುಗಿತು ನೋಡಿ.

ಪಿಎಫ್: ತೆಗೆದ ಮೇಲೆ ಏನು ಉಳಿಯುತ್ತದೆ?

ಅಕ್ಕನ ಪ್ರಶ್ನೆಗೆ ಬರೋಣ. ಪಿಎಫ್ ಅಂದರೆ ಭವಿಷ್ಯ ನಿಧಿ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿದ ಮೊತ್ತದ 12% ಕೆಲಸಗಾರರ ಸಂಬಳದಿಂದ ಕಡಿತವಾಗುತ್ತದೆ. ಕಂಪನಿಯೂ 12% ಹಾಕುತ್ತದೆ. ಸಾಮಾನ್ಯವಾಗಿ ಕಂಪನಿ ಹಾಕುವುದರಲ್ಲಿ 8.33% ಪಿಂಚಣಿ ನಿಧಿಗೆ ಹೋಗುತ್ತದೆ, ಉಳಿದ 3.67% ಪಿಎಫ್ ಖಾತೆಗೆ ಸೇರುತ್ತದೆ. ಅಂದರೆ ಒಂದೇ ಡಬ್ಬಿ ಅಂದುಕೊಂಡಿದ್ದರೊಳಗೆ ಎರಡು ಖಾನೆಗಳಿವೆ. ಒಂದು ಪಿಎಫ್ ಖಾನೆ, ಇನ್ನೊಂದು ಪಿಂಚಣಿ ಖಾನೆ. ಮಸಾಲೆ ಡಬ್ಬಿಯಲ್ಲಿ ಸಾಸಿವೆಗೂ ಜೀರಿಗೆಗೂ ಬೇರೆ ಬಟ್ಟಲು ಇರುವ ಹಾಗೆ.

‘ಪಿಎಫ್ ತೆಗೆಯುವುದು’ ಎಂದು ನಾವು ಒಟ್ಟಾಗಿ ಹೇಳುವುದರಲ್ಲಿ ಬೇರೆ ಬೇರೆ ಕೆಲಸಗಳಿವೆ. ಕೆಲಸದಲ್ಲಿದ್ದುಕೊಂಡೇ ಮದುವೆ, ಓದು, ಕಾಯಿಲೆ, ಮನೆ ಇಂಥ ಕಾರಣಕ್ಕೆ ಒಂದಷ್ಟು ತೆಗೆಯುವುದು ಮುಂಗಡ. ಇದಕ್ಕೆ ಫಾರಂ 31. ಕೆಲಸ ಬಿಟ್ಟ ಮೇಲೆ ಪಿಎಫ್ ಖಾನೆಯನ್ನು ಪೂರ್ತಿ ತೆಗೆಯುವುದಕ್ಕೆ ಫಾರಂ 19. ಪಿಂಚಣಿ ಖಾನೆಯದ್ದಕ್ಕೆ ಫಾರಂ 10ಸಿ. ಹೊಸ ಕಂಪನಿಗೆ ಸೇರಿದಾಗ ಹಳೆಯ ಪಿಎಫ್ ಅನ್ನು ಅಲ್ಲಿಗೆ ಸೇರಿಸುವುದು ವರ್ಗಾವಣೆ, ಅದರಲ್ಲಿ ದುಡ್ಡು ಹೊರಗೆ ಬರುವುದೇ ಇಲ್ಲ.

‘ಮುಂಗಡ’ ಎಂಬ ಮಾತು ಇನ್ನೊಂದು ಗೊಂದಲ ಹುಟ್ಟಿಸುತ್ತದೆ. ನಮ್ಮೂರಲ್ಲಿ ಅಡ್ವಾನ್ಸ್ ಅಂದ ತಕ್ಷಣ ನೆನಪಾಗುವುದು ಬಾಡಿಗೆ ಮನೆಯ ಅಡ್ವಾನ್ಸ್. ಅದು ನಾವು ಕೊಟ್ಟು, ಮನೆ ಬಿಡುವಾಗ ವಾಪಸ್ ತಗೊಳ್ಳುವ ಹಣ. ಕಂಪನಿಯ ಅಡ್ವಾನ್ಸ್ ಅಂದರೆ ಮುಂದಿನ ಸಂಬಳದಲ್ಲಿ ಹಿಡಿಯುವ ಹಣ. ಪಿಎಫ್ ಅಡ್ವಾನ್ಸ್ ಇವೆರಡೂ ಅಲ್ಲ. ಅದು ನಿಮ್ಮದೇ ಹಣ, ತೀರಿಸಬೇಕಾದದ್ದಿಲ್ಲ. ಸಾಲ ಅಂದುಕೊಂಡು ಹೆದರಿ ಮೀಟರ್ ಬಡ್ಡಿಗೆ ಹೊರಗೆ ಸಾಲ ಮಾಡುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಈಗ ಆ ಮರೆತುಹೋಗುವ ಪ್ರಶ್ನೆ. ಪಿಂಚಣಿ ಸಿಗಲು ಕನಿಷ್ಠ 10 ವರ್ಷದ ಸೇವೆ ಬೇಕು. ಒಬ್ಬರು 6 ವರ್ಷ ಒಂದು ಕಾರ್ಖಾನೆಯಲ್ಲಿ ದುಡಿದು, ಬಿಟ್ಟು, ಪಿಂಚಣಿ ಖಾನೆಯ ಹಣವನ್ನೂ ತೆಗೆದುಬಿಟ್ಟರು ಅನ್ನೋಣ. ಹಣದ ಜೊತೆ ಆ 6 ವರ್ಷಗಳೂ ಲೆಕ್ಕದಿಂದ ಹೋಗುತ್ತವೆ. ಮುಂದೆ ಇನ್ನೊಂದು ಕಡೆ 5 ವರ್ಷ ದುಡಿದರೆ ಅದು 5 ಮಾತ್ರ, 11 ಅಲ್ಲ. ಅದೇ ಅವರು ಹಣ ತೆಗೆಯದೆ, ದುಡಿದ ವರ್ಷಗಳನ್ನು ದಾಖಲಿಸಿ ಕೊಡುವ ಸ್ಕೀಮ್ ಸರ್ಟಿಫಿಕೇಟ್ ತಗೊಂಡಿದ್ದರೆ, ಇಲ್ಲವೇ ಖಾತೆ ವರ್ಗಾಯಿಸಿದ್ದರೆ, ಹಳೆಯ ವರ್ಷಗಳು ಜೊತೆಗೆ ಬರುತ್ತಿದ್ದವು. ಕೆಲಸ ಬದಲಿಸುತ್ತಲೇ ಇರುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಇದು ದೊಡ್ಡ ನಷ್ಟ. ಕೈಗೆ ಬರುವ ಮೊತ್ತ ಕಾಣುತ್ತದೆ, ಕಳೆದುಹೋಗುವ ವರ್ಷ ಕಾಣುವುದಿಲ್ಲ.

ಇನ್ನೊಂದು ವಿಷಯ, 5 ವರ್ಷದ ಸತತ ಸೇವೆ ಮುಗಿಯುವ ಮೊದಲೇ ಪೂರ್ತಿ ತೆಗೆದರೆ ತೆರಿಗೆ ಕಡಿತವಾಗಬಹುದು. ಸತತ ಅಂದರೆ ಒಂದೇ ಕಂಪನಿ ಆಗಬೇಕೆಂದಿಲ್ಲ. ವರ್ಗಾವಣೆ ಮಾಡಿಸಿದ್ದರೆ ಹಿಂದಿನ ಕಂಪನಿಯ ವರ್ಷಗಳೂ ಸೇರುತ್ತವೆ. ಅದಕ್ಕೇ ಪಿಎಫ್ ಸದಸ್ಯರನ್ನು ಗುರುತಿಸುವ 12 ಅಂಕಿಯ ಯುಎಎನ್ ಸಂಖ್ಯೆ ಒಬ್ಬರಿಗೆ ಒಂದೇ ಇರಬೇಕು ಎನ್ನುವುದು.

ಹಿಂಪಡೆಯುವ ನಿಯಮವನ್ನೇ ಹಿಂಪಡೆದ ದಿನ

ಈ ಮಾತಿನ ಎರಡೂ ಅರ್ಥ ಒಂದೇ ಕಡೆ ಬಂದು ನಿಂತದ್ದು ನಮ್ಮ ಬೆಂಗಳೂರಿನ ರಸ್ತೆಯಲ್ಲೇ.

2016ರ ಫೆಬ್ರುವರಿ 10ರಂದು ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ಅಲ್ಲಿಯವರೆಗೆ ಕೆಲಸ ಬಿಟ್ಟು ಎರಡು ತಿಂಗಳು ಬೇರೆ ಕೆಲಸ ಇಲ್ಲದಿದ್ದರೆ ಪಿಎಫ್ ಖಾತೆಯ ಹಣವನ್ನು ಪೂರ್ತಿ ತೆಗೆಯಬಹುದಿತ್ತು. ಹೊಸ ನಿಯಮದಲ್ಲಿ ತಮ್ಮ ಪಾಲು ಮತ್ತು ಅದರ ಬಡ್ಡಿ ಮಾತ್ರ ಸಿಗುತ್ತಿತ್ತು. ಕಂಪನಿ ಹಾಕಿದ ಪಾಲು 58 ವರ್ಷ ತುಂಬುವವರೆಗೆ ಒಳಗೇ ಇರಬೇಕಿತ್ತು. ವಯಸ್ಸಾದ ಕಾಲಕ್ಕೆ ಹಣ ಉಳಿಯಲಿ ಎಂಬುದು ಸರ್ಕಾರದ ವಾದ.

ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಇದು ಬೇರೆ ರೀತಿ ಕಂಡಿತು. ಸಂಬಳ ಮನೆ ಬಾಡಿಗೆ, ರೇಷನ್ನಿಗೆ ಸರಿಹೋಗುತ್ತದೆ. ಮಗಳ ಮದುವೆ, ಮಗನ ಕಾಲೇಜು, ಊರಿನ ಸಾಲ ಇದಕ್ಕೆಲ್ಲ ಇರುವ ಗಂಟು ಪಿಎಫ್ ಒಂದೇ. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂರುವವರಿಗೆ 58ರವರೆಗೆ ಕಾಯಿರಿ ಅಂದರೆ ಅದು ಬಹಳ ದೂರದ ಮಾತು.

ಏಪ್ರಿಲ್ 18ರಂದು ಸಾವಿರಾರು ಮಂದಿ, ಅವರಲ್ಲಿ ಹೆಚ್ಚಿನವರು ಹೆಂಗಸರು, ಕಾರ್ಖಾನೆಗಳಿಂದ ಹೊರಬಂದು ಬೊಮ್ಮನಹಳ್ಳಿ ಬಳಿ ಹೊಸೂರು ರಸ್ತೆಯಲ್ಲಿ ಕುಳಿತರು. ಮರುದಿನ ಅದು ತುಮಕೂರು ರಸ್ತೆ ಮತ್ತು ಇತರ ಕಡೆಗೂ ಹಬ್ಬಿತು. ಊರಿನ ಸಂಚಾರ ನಿಂತುಹೋಯಿತು. ಕೆಲವು ಕಡೆ ಬಸ್ಸುಗಳಿಗೆ ಬೆಂಕಿ ಬಿತ್ತು, ಪೊಲೀಸರು ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು. ಏಪ್ರಿಲ್ 19ರಂದು ಕೇಂದ್ರ ಸರ್ಕಾರ ಆ ಅಧಿಸೂಚನೆಯನ್ನು ವಾಪಸ್ ತೆಗೆದುಕೊಂಡಿತು.

ಪಿಎಫ್ ಹಿಂಪಡೆಯುವ ನಿಯಮವನ್ನು ಸರ್ಕಾರ ಹಿಂಪಡೆಯಿತು. ಒಂದೇ ವಾಕ್ಯದಲ್ಲಿ ಎರಡು ಸಲ ‘ಹಿಂಪಡೆ’. ಮೊದಲನೆಯದು ಕೆಲಸಗಾರರು ತಮ್ಮ ಹಣ ಬಿಡಿಸಿಕೊಳ್ಳುವುದು. ಎರಡನೆಯದು ಸರ್ಕಾರ ತಾನು ಮುಂದಿಟ್ಟ ಆದೇಶವನ್ನು ಎಳೆದುಕೊಳ್ಳುವುದು. ಆದೇಶ ಹೋದ ಮೇಲೆ ಉಳಿದದ್ದು ಹಳೆಯ ನಿಯಮ. ನಮ್ಮ ಅಕ್ಕ ಆಗ ರಸ್ತೆಯಲ್ಲಿ ಕುಳಿತಿದ್ದವರಲ್ಲಿ ಒಬ್ಬರು. ಹಾಗಾಗಿ ಈಗಲೂ ‘ಪಿಎಫ್ ಹಿಂಪಡೆ’ ಎಂಬ ಮಾತು ಕಂಡರೆ ಅವರ ಎದೆ ಹೊಡೆದುಕೊಳ್ಳುತ್ತದೆ.

ನೋಟು ಹಿಂಪಡೆದರೆ ಅದು ಕಾಗದವಾಗುವುದಿಲ್ಲ

2023ರ ಮೇ 19ರಂದು ಆರ್‌ಬಿಐ 2000 ರೂಪಾಯಿ ನೋಟನ್ನು ಚಲಾವಣೆಯಿಂದ ಹಿಂಪಡೆಯುವುದಾಗಿ ಪ್ರಕಟಿಸಿತು. ಅಂಗಡಿ, ಪೆಟ್ರೋಲ್ ಬಂಕ್‌ಗಳಲ್ಲಿ ಗಲಾಟೆ ಶುರುವಾಯಿತು. ‘ಈ ನೋಟು ನಡೆಯಲ್ಲ’ ಎಂದು ಹಲವರು ತಳ್ಳಿಬಿಟ್ಟರು. ಜನರ ತಲೆಯಲ್ಲಿ ಇದ್ದದ್ದು 2016ರ ನವೆಂಬರ್ 8ರ ರಾತ್ರಿ.

ಎರಡೂ ಬೇರೆ. 2016ರಲ್ಲಿ 500 ಮತ್ತು 1000ದ ಹಳೆಯ ನೋಟುಗಳ ಕಾನೂನು ಮಾನ್ಯತೆಯನ್ನೇ ರದ್ದು ಮಾಡಲಾಗಿತ್ತು. ನಡುರಾತ್ರಿ ದಾಟಿದ ಮೇಲೆ ಅವು ಹಣವಾಗಿ ಉಳಿಯಲಿಲ್ಲ, ಗಡುವಿನೊಳಗೆ ಬ್ಯಾಂಕಿಗೆ ಕಟ್ಟಬೇಕಿತ್ತು. 2023ರಲ್ಲಿ ಮಾನ್ಯತೆ ರದ್ದಾಗಲಿಲ್ಲ. ನೋಟನ್ನು ಜನರ ಕೈಯಿಂದ ಮೆಲ್ಲಗೆ ಬ್ಯಾಂಕಿನ ಕಡೆಗೆ ಎಳೆದುಕೊಳ್ಳುವ ಕೆಲಸ ಮಾತ್ರ ನಡೆಯಿತು. 2016ರಲ್ಲಿ ಹಣದ ಕೊರತೆ ಬೇಗ ನೀಗಿಸಲೆಂದು ತಂದ ನೋಟು ಅದು. 2018-19ರಲ್ಲೇ ಮುದ್ರಣ ನಿಂತಿತ್ತು. ಹೆಚ್ಚಿನವು 2017ರ ಮಾರ್ಚ್‌ಗೆ ಮೊದಲೇ ಹೊರಬಂದು ಹಳೆಯದಾಗಿದ್ದವು.

ಬ್ಯಾಂಕಿಗೆ ಕಟ್ಟಲು, ಒಂದು ಸಲಕ್ಕೆ 20,000 ರೂಪಾಯಿಯವರೆಗೆ ಬದಲಾಯಿಸಲು ಮೊದಲು ಸೆಪ್ಟೆಂಬರ್ 30ರವರೆಗೆ ಸಮಯವಿತ್ತು. ಅದನ್ನು ಅಕ್ಟೋಬರ್ 7ರವರೆಗೆ ವಿಸ್ತರಿಸಿದರು. ಆ ಗಡುವು ಮುಗಿದ ಮೇಲೂ ಆರ್‌ಬಿಐನ 19 ಕಚೇರಿಗಳಲ್ಲಿ ಅವಕಾಶ ಕೊಟ್ಟರು. ಬೆಂಗಳೂರಿನಲ್ಲಿ ನೃಪತುಂಗ ರಸ್ತೆಯ ಕಚೇರಿ ಅದರಲ್ಲಿ ಒಂದು. ಅಂಚೆ ಮೂಲಕ ಈ ಕಚೇರಿಗಳಿಗೆ ಕಳಿಸಿ ಖಾತೆಗೆ ಹಾಕಿಸಿಕೊಳ್ಳುವ ದಾರಿಯನ್ನೂ ತೆರೆದರು. ‘ಹಿಂಪಡೆ’ ಮತ್ತು ‘ರದ್ದು’ ಎರಡನ್ನೂ ಒಂದೇ ಎಂದು ಓದಿದವರು ಆ ದಿನಗಳಲ್ಲಿ ಕಮಿಷನ್ ಕೊಟ್ಟು ನೋಟು ದಾಟಿಸಿದ್ದಾರೆ. ಅದರ ಅಗತ್ಯವೇ ಇರಲಿಲ್ಲ.

ನಾಮಪತ್ರ: ಮೂರು ಗಂಟೆಯ ಗೆರೆ

ಚುನಾವಣೆ ಬಂದಾಗ ಟಿವಿಯಲ್ಲಿ ಜಾಸ್ತಿ ಕೇಳುವ ಮಾತು ‘ನಾಮಪತ್ರ ವಾಪಸ್’. ಬಂಡಾಯ ಅಭ್ಯರ್ಥಿಯ ಮನೆಯ ಮುಂದೆ ನಾಯಕರ ಕಾರುಗಳು ನಿಲ್ಲುವುದು ಆ ದಿನಗಳಲ್ಲೇ.

1951ರ ಜನಪ್ರಾತಿನಿಧ್ಯ ಕಾಯ್ದೆಯ 37ನೇ ಸೆಕ್ಷನ್ ಇದನ್ನು ಹೇಳುತ್ತದೆ. ಅಭ್ಯರ್ಥಿ ಸಹಿ ಮಾಡಿದ ಸೂಚನಾ ಪತ್ರವನ್ನು ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಚುನಾವಣಾಧಿಕಾರಿಗೆ ತಲುಪಿಸಬೇಕು. ಅಭ್ಯರ್ಥಿಯೇ ಹೋಗಬಹುದು. ಅವರು ಬರೆದುಕೊಟ್ಟ ಅಧಿಕಾರ ಇದ್ದರೆ ಸೂಚಕರು ಅಥವಾ ಚುನಾವಣಾ ಏಜೆಂಟರೂ ಹೋಗಬಹುದು. ಒಮ್ಮೆ ಕೊಟ್ಟ ಮೇಲೆ ಮನಸ್ಸು ಬದಲಾಯಿತು ಎಂದು ಆ ಪತ್ರವನ್ನು ವಾಪಸ್ ತಗೊಳ್ಳಲು ಆಗುವುದಿಲ್ಲ. ವಾಪಸ್ ತಗೊಂಡದ್ದನ್ನು ವಾಪಸ್ ತಗೊಳ್ಳುವಂತಿಲ್ಲ ಎನ್ನುವುದು ಕಾನೂನಿನಲ್ಲೇ ಬರೆದಿದೆ.

ಕೊನೆಯ ದಿನ ಯಾವುದು? ನಾಮಪತ್ರ ಪರಿಶೀಲನೆಯಾದ ಎರಡನೆಯ ದಿನ. ಅದು ರಜಾ ದಿನವಾದರೆ ಮುಂದಿನ ಕೆಲಸದ ದಿನ. 2023ರ ನಮ್ಮ ವಿಧಾನಸಭೆ ಚುನಾವಣೆಯಲ್ಲಿ ಏಪ್ರಿಲ್ 21, ಶುಕ್ರವಾರ ಪರಿಶೀಲನೆ ನಡೆಯಿತು. ಎರಡನೆಯ ದಿನ ಭಾನುವಾರ. ಆದ್ದರಿಂದ ಕೊನೆಯ ದಿನ ಏಪ್ರಿಲ್ 24, ಸೋಮವಾರವಾಯಿತು. ಮೇ 10ಕ್ಕೆ ಮತದಾನ.

ಈ ಗೆರೆಯ ಮುಂಚೆ ಮತ್ತು ಆಮೇಲೆ ಅಜಗಜಾಂತರ ವ್ಯತ್ಯಾಸ. ಗೆರೆಯೊಳಗೆ ವಾಪಸ್ ತಗೊಂಡರೆ ಮತಯಂತ್ರದಲ್ಲಿ ಹೆಸರು ಬರುವುದಿಲ್ಲ, ಕಟ್ಟಿದ ಠೇವಣಿ ಸಿಗುತ್ತದೆ. ವಿಧಾನಸಭೆಗೆ ಆ ಠೇವಣಿ 10,000 ರೂಪಾಯಿ, ಲೋಕಸಭೆಗೆ 25,000, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅರ್ಧ. ಗೆರೆ ದಾಟಿದ ಮೇಲೆ ‘ಕಣದಿಂದ ಹಿಂದೆ ಸರಿದಿದ್ದೇನೆ’ ಎಂದು ಎಷ್ಟು ಸುದ್ದಿಗೋಷ್ಠಿ ಮಾಡಿದರೂ ಅದು ಬರೀ ಮಾತು. ಹೆಸರು, ಚಿಹ್ನೆ ಯಂತ್ರದಲ್ಲಿ ಇರುತ್ತವೆ. ಬಿದ್ದ ಮತ ಎಣಿಕೆಯಾಗುತ್ತದೆ. ಚಲಾವಣೆಯಾದ ಸರಿಯಾದ ಮತಗಳ ಆರನೇ ಒಂದು ಭಾಗ ದಾಟದಿದ್ದರೆ ಠೇವಣಿ ಹೋಗುತ್ತದೆ.

ಕೇಸ್ ವಾಪಸ್, ಕಾಯ್ದೆ ವಾಪಸ್

‘ಸರ್ಕಾರ ಕೇಸ್ ವಾಪಸ್ ತಗೊಂಡಿತು’ ಎಂಬ ಸುದ್ದಿ ಅರ್ಧ ಮಾತ್ರ. ಸರ್ಕಾರಕ್ಕೆ ಆ ಅಧಿಕಾರ ನೇರವಾಗಿ ಇಲ್ಲ. ಸರ್ಕಾರಿ ವಕೀಲರು ನ್ಯಾಯಾಲಯದ ಮುಂದೆ ಹೋಗಿ ಕೇಳಬೇಕು, ನ್ಯಾಯಾಲಯ ಒಪ್ಪಬೇಕು. ಹಳೆಯ ಕಾನೂನಾದ ಅಪರಾಧ ಪ್ರಕ್ರಿಯಾ ಸಂಹಿತೆಯಲ್ಲಿ ಇದು 321ನೇ ಸೆಕ್ಷನ್ ಆಗಿತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 360ನೆಯದು. ಹೊಸದರಲ್ಲಿ ಒಂದು ಒಳ್ಳೆಯ ಮಾತು ಸೇರಿದೆ: ನೊಂದವರಿಗೆ ತಮ್ಮ ಮಾತು ಹೇಳಲು ಅವಕಾಶ ಕೊಡದೆ ನ್ಯಾಯಾಲಯ ಒಪ್ಪುವಂತಿಲ್ಲ.

ಬೀದಿ ಜಗಳಗಳಲ್ಲಿ ‘ಕಂಪ್ಲೇಂಟ್ ವಾಪಸ್ ತಗೋ’ ಎಂದು ಒತ್ತಾಯಿಸುತ್ತಾರಲ್ಲ, ಅದೂ ಅಷ್ಟು ಸುಲಭವಲ್ಲ. ಎಫ್‌ಐಆರ್ ಆದ ಮೇಲೆ ದೂರು ಕೊಟ್ಟವರು ‘ನನಗೆ ಬೇಡ’ ಅಂದ ಮಾತ್ರಕ್ಕೆ ಅದು ಅಳಿಸಿಹೋಗುವುದಿಲ್ಲ. ಕೆಲವು ಸಣ್ಣ ಅಪರಾಧಗಳಲ್ಲಿ ರಾಜಿಗೆ ಕಾನೂನಿನಲ್ಲೇ ದಾರಿ ಇದೆ. ದೊಡ್ಡವಕ್ಕೆ ಇಲ್ಲ.

ಕಾಯ್ದೆಗಳ ವಿಷಯದಲ್ಲಿ ಯಾವ ಹಂತದಲ್ಲಿದೆ ಎಂದು ನೋಡಬೇಕು. ಇನ್ನೂ ಮಸೂದೆಯಾಗಿದ್ದರೆ ಹಿಂಪಡೆಯಬಹುದು. 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 2019ರ ವೈಯಕ್ತಿಕ ದತ್ತಾಂಶ ರಕ್ಷಣಾ ಮಸೂದೆಯನ್ನು ಲೋಕಸಭೆಯಿಂದ ಹಾಗೆಯೇ ಹಿಂಪಡೆಯಿತು. ಕಾಯ್ದೆಯಾಗಿಬಿಟ್ಟಿದ್ದರೆ ಅದನ್ನು ರದ್ದು ಮಾಡಲು ಇನ್ನೊಂದು ಕಾಯ್ದೆ ಬೇಕು. ಮೂರು ಕೃಷಿ ಕಾಯ್ದೆಗಳನ್ನು ವಾಪಸ್ ಪಡೆಯುವುದಾಗಿ ಪ್ರಧಾನಿ ಹೇಳಿದ್ದು 2021ರ ನವೆಂಬರ್ 19ರಂದು. ರದ್ದತಿ ಮಸೂದೆ ಸಂಸತ್ತಿನಲ್ಲಿ ಪಾಸಾದದ್ದು ನವೆಂಬರ್ 29ರಂದು. ನಡುವಿನ ಹತ್ತು ದಿನ ಆ ಕಾಯ್ದೆಗಳು ಪುಸ್ತಕದಲ್ಲಿ ಇದ್ದೇ ಇದ್ದವು.

‘ತಡೆಹಿಡಿ’ ಮತ್ತೂ ಬೇರೆ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಯನ್ನು ನಮ್ಮ ರಾಜ್ಯ ಸಂಪುಟ ಒಪ್ಪಿ, ಎರಡೇ ದಿನದಲ್ಲಿ ತಾತ್ಕಾಲಿಕವಾಗಿ ತಡೆಹಿಡಿಯಿತು. ಹಲವರು ಅದನ್ನು ‘ವಾಪಸ್’ ಎಂದೇ ಹೇಳಿಕೊಂಡು ಓಡಾಡಿದರು.

ಮುಂಗಾರು ಹಿಂದೆ ಸರಿದರೂ ಕೊಡೆ ಬೇಕು

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮುಂಗಾರು ಪಶ್ಚಿಮ ರಾಜಸ್ಥಾನದಿಂದ ಸರಿಯಲು ಶುರುಮಾಡುವ ಸಾಮಾನ್ಯ ದಿನ ಸೆಪ್ಟೆಂಬರ್ 17. ದೇಶವನ್ನು ಪೂರ್ತಿ ಬಿಡುವುದು ಅಕ್ಟೋಬರ್ 15ರ ಹೊತ್ತಿಗೆ. ಆ ಸುದ್ದಿ ಓದಿ ಬೆಂಗಳೂರಿನವರು ಕೊಡೆ ಎತ್ತಿಡುವ ಹಾಗಿಲ್ಲ. ನಮ್ಮೂರಿಗೆ ವರ್ಷದಲ್ಲಿ ಹೆಚ್ಚು ಮಳೆ ಬೀಳುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮುಂಗಾರಿನ ಹಿಂದೆಯೇ ಹಿಂಗಾರು ಬರುತ್ತದೆ. ಆ ಮಾತಿನಲ್ಲೂ ಅದೇ ‘ಹಿಂ’.

ದೇಹ ಕೇಳುವ ‘ವಿತ್‌ಡ್ರಾವಲ್’

ಆಸ್ಪತ್ರೆಯ ಚೀಟಿಯಲ್ಲಿ ‘ವಿತ್‌ಡ್ರಾವಲ್’ ಎಂದು ಬರೆದಿದ್ದರೆ ಅದಕ್ಕೂ ದುಡ್ಡಿಗೂ ಸಂಬಂಧವಿಲ್ಲ. ಇಲ್ಲಿ ಮೇಲಿನ ಯಾವ ಕನ್ನಡ ಮಾತೂ ಹೊಂದುವುದಿಲ್ಲ. ‘ಬಿಟ್ಟಾಗ ಬರುವ ತೊಂದರೆ’ ಎಂದು ಬಿಡಿಸಿ ಹೇಳುವುದೇ ಸರಿ ಎಂದು ನನಗನ್ನಿಸುತ್ತದೆ.

ವರ್ಷಗಟ್ಟಲೆ ದಿನಾ ಕುಡಿಯುವವರ ಮೆದುಳು ಆ ಮದ್ಯಕ್ಕೆ ಒಗ್ಗಿಹೋಗಿರುತ್ತದೆ. ಮದ್ಯ ಮೆದುಳನ್ನು ಮಂದ ಮಾಡುತ್ತದೆ. ಅದನ್ನು ಸರಿದೂಗಿಸಲು ಮೆದುಳು ತನ್ನ ವೇಗ ಏರಿಸಿಕೊಂಡಿರುತ್ತದೆ. ಭಾರದ ಗಾಡಿಯನ್ನು ಜೋರಾಗಿ ತಳ್ಳುತ್ತಿರುವಾಗ ಯಾರೋ ದಿಢೀರ್ ಅಂತ ಗಾಡಿ ಎಳೆದುಕೊಂಡರೆ ನಾವು ಮುಗ್ಗರಿಸುತ್ತೇವಲ್ಲ, ಹಾಗೆ. ಮದ್ಯ ನಿಂತಿತು, ಮೆದುಳಿನ ವೇಗ ನಿಲ್ಲಲಿಲ್ಲ. ಕೈ ನಡುಕ, ಬೆವರು, ವಾಂತಿ, ನಿದ್ದೆ ಬಾರದಿರುವುದು, ಎದೆ ಹೊಡೆದುಕೊಳ್ಳುವುದು ಮೊದಲು ಬರುತ್ತವೆ. ಕೆಲವರಿಗೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು, ಹೊತ್ತು ಗೊತ್ತು ತಪ್ಪುವುದು, ಜ್ವರ ಆಗಬಹುದು. ಅದು ಜೀವಕ್ಕೇ ಅಪಾಯ.

ಮನೆಯವರು ಇದನ್ನು ಗಾಳಿ ಸೋಕಿತು ಅಂದುಕೊಳ್ಳುತ್ತಾರೆ. ಇಲ್ಲವೇ ‘ಕುಡಿಯೋಕೆ ನಾಟಕ’ ಎಂದು ಬೈಯುತ್ತಾರೆ. ಎರಡೂ ತಪ್ಪು. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆಗಿ ಮದ್ಯದಂಗಡಿಗಳು ಒಮ್ಮೆಲೇ ಮುಚ್ಚಿದಾಗ, ಮೇ 4ರಂದು ಅವು ತೆರೆಯುವವರೆಗೆ ಎಷ್ಟೋ ಮನೆಗಳು ಇದನ್ನು ಅನುಭವಿಸಿದವು.

ಬಹಳ ಕುಡಿಯುತ್ತಿದ್ದವರು ಬಿಡಬೇಕು, ಆದರೆ ವೈದ್ಯರ ಕಣ್ಣಳತೆಯಲ್ಲಿ ಬಿಡಬೇಕು. ನಡುಕ ಮತ್ತು ಫಿಟ್ಸ್ ತಡೆಯುವ ಔಷಧಿ ಇದೆ, ಬಿ1 ವಿಟಮಿನ್ ಕೊಡುತ್ತಾರೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಬೇರೆ ವಿಭಾಗವಿದೆ. ಕೂಡಲೇ ಹೋಗಲು ಆಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಫಿಟ್ಸ್ ಬಂದರೆ, ಹೊತ್ತು ಗೊತ್ತು ತಪ್ಪಿದರೆ ಫೋನಿನಲ್ಲಿ ಹೊತ್ತು ಕಳೆಯದೆ ಹತ್ತಿರದ ಆಸ್ಪತ್ರೆಗೇ ಕರೆದೊಯ್ಯಬೇಕು. ಅಲ್ಲಿ ‘ವಿತ್‌ಡ್ರಾವಲ್’ ಎಂಬ ಮಾತು ನಿಮಗೆ ನೆನಪಾಗದಿದ್ದರೂ ಪರವಾಗಿಲ್ಲ. ದಿನಕ್ಕೆ ಎಷ್ಟು ಕುಡಿಯುತ್ತಿದ್ದರು, ಕೊನೆಯ ಸಲ ಕುಡಿದು ಎಷ್ಟು ಗಂಟೆ ಆಯಿತು, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ ಎಂಬ ಮೂರನ್ನು ಮುಚ್ಚಿಡದೆ ಹೇಳಿದರೆ ಸಾಕು.